‘ಸಿಸ್ಟರ್’ ಎಂಬ ಪದವನ್ನು ನಾವು ಮಾರುವ ಬಗೆ

ಬೆಂಗಳೂರಿನಲ್ಲಿ ಮನೆಗಳಿಗೆ ನರ್ಸ್‌ಗಳನ್ನೂ ಅಟೆಂಡರ್‌ಗಳನ್ನೂ ಕಳುಹಿಸುವ ಕಂಪನಿಯೊಂದರ ಕಚೇರಿಯಲ್ಲಿ ನಾನು ಕೋಆರ್ಡಿನೇಟರ್. ರೋಗಿಯನ್ನು ಒಮ್ಮೆಯೂ ಮುಟ್ಟದ, ಆದರೆ ಅವರ ಬಳಿ ಯಾರು ಕೂರಬೇಕೆಂದು ನಿರ್ಧರಿಸುವ ಕೆಲಸ ಇದು. ಡಿಸ್‌ಚಾರ್ಜ್ ಆಗಿ ಮನೆಗೆ ಬರುವ ಹಿರಿಯರು ಒಂದು ಕಡೆ, ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ ಸೇರಿಕೊಂಡು ಡ್ಯೂಟಿಗಾಗಿ ಕಾಯುವ ಹೆಣ್ಣುಮಕ್ಕಳು ಇನ್ನೊಂದು ಕಡೆ, ನಡುವೆ ಎರಡು ಫೋನು ಹಿಡಿದು ನಾನು. ಬೆಳಗಿನ ಎಂಟಕ್ಕೆ ಪಾಳಿ ಬದಲಾಗುವುದರಿಂದ ಏಳೂಮುಕ್ಕಾಲಿಗೆ ಬರುವ ಕರೆ ಸಾಮಾನ್ಯವಾಗಿ ಕೆಟ್ಟ ಸುದ್ದಿಯೇ ಆಗಿರುತ್ತದೆ: ಇವತ್ತು ಯಾರೋ ಡ್ಯೂಟಿಗೆ ಬರುವುದಿಲ್ಲ. ಗೌರಿ ಹಬ್ಬದ ವಾರದಲ್ಲಂತೂ ಆ ಫೋನನ್ನು ಎತ್ತುವುದಕ್ಕೇ ಧೈರ್ಯ ಬೇಕು.

ಆದರೂ ನಮ್ಮ ವೃತ್ತಿಯ ದೊಡ್ಡ ರೋಗ ರಜೆಯಲ್ಲ, ‘ಸಿಸ್ಟರ್’ ಎಂಬ ಪದ. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಅಥವಾ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡವರೂ ಸಿಸ್ಟರ್. ಕೆಲವೇ ವಾರಗಳ ತರಬೇತಿ ಪಡೆದವರೂ ಸಿಸ್ಟರ್. ಅತ್ತೆಯ ಕೊನೆಗಾಲದಲ್ಲಿ ಸೇವೆ ಮಾಡಿ ಕೆಲಸ ಕಲಿತು ಬಂದವರೂ ಸಿಸ್ಟರ್. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಅಟೆಂಡರ್ ಕೆಲಸ, ಮತ್ತು ಅದು ಕೀಳಲ್ಲದ, ಕೌಶಲ ಬೇಡುವ ಕೆಲಸ. ಮೂಗಿನ ಮೂಲಕ ಆಹಾರದ ಟ್ಯೂಬ್ ಹಾಕುವುದು, ಕ್ಯಾಥೆಟರ್ ಬದಲಿಸುವುದು, ಅಭಿಧಮನಿಗೆ ಔಷಧಿ ಕೊಡುವುದು ನರ್ಸ್ ಕೆಲಸ. ಇವೆರಡರ ದರ ಬೇರೆಯಾದ್ದರಿಂದ, ಗಿರಾಕಿ ಕೈತಪ್ಪಬಾರದೆಂದು ನಮ್ಮ ಮಾರಾಟ ವಿಭಾಗ ‘ಸಿಸ್ಟರ್ ಕಳಿಸ್ತೀವಿ ಸಾರ್’ ಎಂದು ಹೇಳಿ ಮಾತನ್ನು ಅಲ್ಲಿಗೇ ನಿಲ್ಲಿಸುತ್ತದೆ. ಮನೆಯವರು ಅದನ್ನು ನರ್ಸ್ ಎಂದು ಕೇಳಿಸಿಕೊಳ್ಳುತ್ತಾರೆ. ಇದನ್ನು ಸುಳ್ಳು ಎನ್ನಲು ನಮ್ಮ ಮ್ಯಾನೇಜರ್ ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ.

ಒಂದು ಸಂಜೆ ಬುಕಿಂಗ್ ಹಾಳೆಯಲ್ಲಿ ‘ಹಾಸಿಗೆ ಹಿಡಿದವರು, ಡೈಪರ್, ಊಟ ಮಾಡಿಸಬೇಕು’ ಎಂದಷ್ಟೇ ಬರೆದಿದ್ದನ್ನು ನಂಬಿ, ಬಾಗಲಕೋಟೆ ಕಡೆಯ ಅನುಭವಿ ಅಟೆಂಡರ್ ಒಬ್ಬರನ್ನು ರಾತ್ರಿ ಪಾಳಿಗೆ ಕಳುಹಿಸಿದೆ. ಎಂಟೂವರೆಗೆ ಅವರ ಕರೆ ಬಂತು: ‘ಮೇಡಂ, ಅಜ್ಜಾರ ಕುತ್ತಿಗ್ಯಾಗ ಪೈಪ್ ಐತ್ರಿ, ಒಳಗ ಗೊರಗೊರ ಅನ್ನಾಕತ್ತೈತಿ. ಇದನ್ನ ನಾ ಮುಟ್ಟಂಗಿಲ್ರಿ.’ ಅದು ಟ್ರೆಕಿಯಾಸ್ಟಮಿ, ಅಂದರೆ ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ರಂಧ್ರ ಮಾಡಿ ಇಟ್ಟ ಕೊಳವೆ. ಕಫವನ್ನು ಯಂತ್ರದಿಂದ ಹೀರಿ ತೆಗೆಯದಿದ್ದರೆ ಉಸಿರೇ ಕಟ್ಟಬಹುದು. ಡಿಸ್‌ಚಾರ್ಜ್ ಸಮ್ಮರಿಯ ಮೂರನೇ ಪುಟದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಆದರೆ ಅದನ್ನು ನಮ್ಮಲ್ಲಿ ಯಾರೂ ಕೇಳಿ ತರಿಸಿರಲಿಲ್ಲ. ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ಕೂಗಾಡಿದರು, ಮತ್ತು ಅವರ ಕೋಪದಲ್ಲಿ ತಪ್ಪೇನೂ ಇರಲಿಲ್ಲ. ಹನ್ನೊಂದರ ಹೊತ್ತಿಗೆ ಐಸಿಯು ಅನುಭವವಿದ್ದ ನರ್ಸ್ ಒಬ್ಬರು ಆ ಮನೆ ತಲುಪುವವರೆಗೆ, ಆಸ್ಪತ್ರೆಯಲ್ಲಿ ಸಕ್ಷನ್ ಮಾಡುವುದನ್ನು ಕಲಿತು ಬಂದಿದ್ದ ಸೊಸೆಯೇ ಕೈ ನಡುಗುತ್ತಾ ನಿಭಾಯಿಸಿದರು. ಮರುದಿನ ಕಚೇರಿಯಲ್ಲಿ ಬೈಸಿಕೊಂಡವರು ಮಾತ್ರ ‘ಡ್ಯೂಟಿ ನಿರಾಕರಿಸಿದ’ ಆ ಅಟೆಂಡರ್. ನನಗೆ ತಿಳಿಯದ್ದನ್ನು ನಾನು ಮಾಡುವುದಿಲ್ಲ ಎಂದು ಹೇಳಿ ಆ ರಾತ್ರಿ ಸರಿಯಾಗಿ ನಡೆದುಕೊಂಡವರು ನಮ್ಮ ಕಡೆಯಿಂದ ಅವರೊಬ್ಬರೇ.

ಮನೆಯವರ ಬಗ್ಗೆಯೂ ಎರಡು ಮಾತು ಹೇಳಬೇಕು. ರೋಗದ ವಿವರ ಕೇಳಿದರೆ ಬೇಸರಪಡುವವರೇ, ನಾವು ಕಳುಹಿಸುವ ಸಿಸ್ಟರ್ ‘ಯಾವ ಜನ’ ಎಂದು ಮಾತ್ರ ತಪ್ಪದೆ ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಅದರಿಂದ ಕೆಲವು ಬುಕಿಂಗ್ ಕಳೆದುಕೊಂಡಿದ್ದೇನೆ. ಇಪ್ಪತ್ತನಾಲ್ಕು ಗಂಟೆ ಮನೆಯಲ್ಲೇ ಇರುವವರು ಎಲ್ಲಿ ಮಲಗಬೇಕು, ಯಾವಾಗ ಕಣ್ಣು ಮುಚ್ಚಬೇಕು ಎಂದು ನಾನು ಕೇಳಿದರೆ ಮಾತ್ರ ಆ ಕಡೆ ಮೌನ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ ಎಂಬುದನ್ನು ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ನಾನೇ ಹೇಳುತ್ತೇನೆ, ಏಕೆಂದರೆ ಅದು ನಮ್ಮ ತರಬೇತಿಯ ಹಾಳೆಗಳಲ್ಲಿಲ್ಲ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವ ಕಾವಲುಗಾರನನ್ನು ಒದಗಿಸುವ ಏಜೆನ್ಸಿಗೆ 2005ರ ಕೇಂದ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಆತನಿಗೆ ತರಬೇತಿಯೂ ಪೂರ್ವಾಪರ ಪರಿಶೀಲನೆಯೂ ಆಗಿರಬೇಕು. ಹಿರಿಯ ನಾಗರಿಕರಿಗೆ ಮನೆಯಲ್ಲೇ ಆರೈಕೆ ಒದಗಿಸುವ ಸಂಸ್ಥೆಗಳೂ ನೋಂದಣಿ ಮಾಡಿಸಿ ಕನಿಷ್ಠ ಗುಣಮಟ್ಟ ಪಾಲಿಸಬೇಕೆಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಅಂಗೀಕಾರವಾಗದೆ ಉಳಿದು, 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಂದಿಗೇ ಬಿದ್ದುಹೋಯಿತು. ಗೇಟಿನವನಿಗೆ ಇರುವ ಕಾನೂನು ಅಜ್ಜನ ಹಾಸಿಗೆಯ ಪಕ್ಕ ಕೂರುವವರ ವಿಷಯದಲ್ಲಿ ಬೇಡವೆಂದು ನಾವು ಹೇಗೆ ಸುಮ್ಮನಿದ್ದೇವೋ!

ಡಿಸ್‌ಚಾರ್ಜ್ ಸಮ್ಮರಿಯ ಎಲ್ಲ ಪುಟಗಳೂ ವಾಟ್ಸ್‌ಆ್ಯಪ್‌ನಲ್ಲಿ ಬರುವವರೆಗೆ ನಾನೀಗ ಯಾರನ್ನೂ ಕಳುಹಿಸುವುದಿಲ್ಲ. ಅಷ್ಟರಲ್ಲಿ ಗಿರಾಕಿ ಬೇರೆ ಕಂಪನಿಗೆ ಹೋಗುತ್ತಾರೆಂದು ಮಾರಾಟದವರಿಗೆ ನನ್ನ ಮೇಲೆ ಸಿಟ್ಟಿದೆ. ಬಾಗಲಕೋಟೆಯ ಆ ಅಕ್ಕ ಈಗಲೂ ನಮ್ಮಲ್ಲೇ ಇದ್ದಾರೆ. ಹೊಸ ಡ್ಯೂಟಿ ಹೇಳಲು ಫೋನ್ ಮಾಡಿದರೆ ವಿಳಾಸ ಬರೆದುಕೊಳ್ಳುವ ಮೊದಲೇ ಕೇಳುತ್ತಾರೆ: ‘ಪೈಪ್ ಎಲ್ಲೆಲ್ಲಿ ಅದಾವ, ಮೊದಲ ಹೇಳ್ರಿ ಮೇಡಂ.’