ಹಾಡು ಇನ್ನೂ ಹೋಗ್ತಾ ಇದೆ, ತಡಿಯಪ್ಪಾ

ನಿನ್ನೆ ಸಿಂಧನೂರಿನಿಂದ ಬಳ್ಳಾರಿಗೆ ಮದುವೆಗೆ ಹೋಗೋದಿತ್ತು. ಅಳಿಯನ ಕಾರು. ಸಿರುಗುಪ್ಪ ದಾಟಿ ಊರು ಮುಟ್ಟೋವರೆಗೆ ಹತ್ತಿಪ್ಪತ್ತು ಹಾಡು ಹಾಕಿರಬಹುದು. ಪುಣ್ಯಾತ್ಮ ಒಂದನ್ನಾದರೂ ಪೂರ್ತಿ ಬಿಡಲಿಲ್ಲ.

ಹಳೇ ಹಾಡುಗಳೇ. ನನಗೋಸ್ಕರ ಹಾಕಿದ್ದ, ಅದನ್ನು ಒಪ್ಪಬೇಕು. ಆದರೆ ಕೊನೇ ಚರಣ ಮುಗಿದು, ಪಲ್ಲವಿ ಮತ್ತೆ ಬಂದು, ಅದೇ ಸಾಲು ತಿರುಗಾ ಮುರುಗಾ ಹೇಳ್ತಾ ದನಿ ಸಣ್ಣಗಾಗೋಕೆ ಶುರುವಾಯ್ತು ಅನ್ನುವಷ್ಟರಲ್ಲಿ ಅವನ ಬೆರಳು ಮುಂದಿನ ಹಾಡಿನ ಮೇಲೆ. ಮೂರನೇ ಸಲಕ್ಕೆ ತಡೆಯಲಾರದೆ ಕೇಳಿದೆ, “ಯಾಕೋ ತಮ್ಮಾ?”

“ಮುಗೀತಲ್ಲ ಮಾಮಾ. ಇನ್ನೇನೈತಿ ಅದ್ರಾಗ?”

ಇನ್ನೇನೈತಿ ಅಂತೆ!

ರಾಯಚೂರಿನಲ್ಲಿ ಹತ್ತು ವರ್ಷ ಗಿರಾಕಿಗಳಿಗೆ ಕ್ಯಾಸೆಟ್‌ನಲ್ಲಿ ಹಾಡು ತುಂಬಿಸಿಕೊಟ್ಟವನಿಗೆ ಕೇಳುವ ಪ್ರಶ್ನೆಯೇ ಇದು? ಆ ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಎಷ್ಟೋ ಸಲ ಇಡೀ ಹಾಡಿನಲ್ಲಿ ಇಲ್ಲದ್ದು ಇರುತ್ತದೆ. ಪಿಟೀಲಿನವನು ಅಲ್ಲಿವರೆಗೆ ಬಾರಿಸದ ಒಂದು ತುಣುಕು ಬಾರಿಸಿರುತ್ತಾನೆ. ಹಾಡುವವರು ಒಂದು ಹೊಸ ಆಲಾಪ ಎಳೆದಿರುತ್ತಾರೆ. ಕಿವಿಗೊಟ್ಟು ಕೂತವನಿಗೆ ಮಾತ್ರ ಸಿಗುವ ಚೂರು ಅದು.

ಹೀಗೆ ಹಾಡಿನ ಸದ್ದು ಮೆಲ್ಲಗೆ ಇಳಿದು ಕರಗೋದನ್ನು ಫೇಡ್ ಔಟ್ ಅಂತೀವಿ. ಗುಂಡಿ ತಿರುಗಿಸುವ ಸೋಮಾರಿ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಗುಂಡಿ ಬರುವ ಮೊದಲೇ ಇದು ಇತ್ತು. 1772ರಲ್ಲಿ ಆಸ್ಟ್ರಿಯಾದ ಸಂಗೀತಗಾರ ಹೇಡನ್ ಒಂದು ಸಿಂಫನಿ, ಅಂದರೆ ದೊಡ್ಡ ವಾದ್ಯಮೇಳ ನುಡಿಸುವ ಕೃತಿ, ಬರೆದ. ಅವನ ದೊರೆ ಬೇಸಿಗೆ ಅರಮನೆ ಬಿಟ್ಟು ಹೊರಡಲೇ ಒಲ್ಲ. ವಾದ್ಯದವರಿಗೆ ಹೆಂಡತಿ ಮಕ್ಕಳ ಚಿಂತೆ. ಬಾಯಿಬಿಟ್ಟು ರಜೆ ಕೇಳೋ ಹಾಗಿಲ್ಲ. ಅದಕ್ಕೇ ಕೊನೇ ಭಾಗದಲ್ಲಿ ಒಬ್ಬೊಬ್ಬರೇ ತಮ್ಮ ಮೇಣದಬತ್ತಿ ಆರಿಸಿ ಎದ್ದು ಹೋಗುವ ಹಾಗೆ ಮಾಡಿದ. ಉಳಿದದ್ದು ಎರಡೇ ಪಿಟೀಲು. ದೊರೆಗೆ ಅರ್ಥವಾಯ್ತಂತೆ, ಮಾರನೇ ದಿನವೇ ಗಂಟುಮೂಟೆ ಕಟ್ಟಿಸಿದನಂತೆ. ನಮ್ಮ ಕಚೇರಿಗಳಲ್ಲೂ ರಜೆ ಅರ್ಜಿ ಹೀಗೇ ಕೊಡೋಣ ಅನ್ನಿಸುತ್ತದೆ.

ನನಗೆ ಅದಕ್ಕಿಂತ ಇಷ್ಟ ಇಂಗ್ಲೆಂಡಿನ ಸಂಗೀತಗಾರ ಹೋಲ್ಸ್ಟ್ ಮಾಡಿದ್ದು. ಗ್ರಹಗಳ ಮೇಲೆ ಬರೆದ ಏಳು ಭಾಗದ ಕೃತಿ, 1918ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಮೊದಲು ನುಡಿಸಿದರು. ಕೊನೆಯದು ನೆಪ್ಚೂನ್. ಅದರಲ್ಲಿ ಹಾಡುವ ಹೆಂಗಸರು ವೇದಿಕೆ ಮೇಲೆ ಇರೋದೇ ಇಲ್ಲ. ಪಕ್ಕದ ಕೋಣೆಯಲ್ಲಿ ಇರುತ್ತಾರೆ. ಕೊನೆಗೆ ಆ ಕೋಣೆಯ ಬಾಗಿಲನ್ನು ಸದ್ದಾಗದ ಹಾಗೆ ಮೆಲ್ಲಗೆ ಮುಚ್ಚಬೇಕು. ದನಿ ಪೂರಾ ಕೇಳದಂತಾಗುವವರೆಗೆ ಕೊನೇ ಸಾಲನ್ನೇ ಹಾಡ್ತಾ ಇರಬೇಕು ಅಂತ ಬರವಣಿಗೆಯಲ್ಲೇ ಇಟ್ಟಿದ್ದಾನೆ. ಹಾಡು ನಿಲ್ಲೋದಿಲ್ಲ ಸ್ವಾಮಿ, ಬಾಗಿಲು ಮುಚ್ಚುತ್ತದೆ ಅಷ್ಟೇ. ನಮ್ಮ ಅಳಿಯ ಆ ಬಾಗಿಲನ್ನು ಕಾಲಲ್ಲಿ ಒದ್ದು ಮುಚ್ಚುತ್ತಾನೆ.

ರೆಕಾರ್ಡಿನ ಕಥೆ ಇನ್ನೂ ಚೆನ್ನಾಗಿದೆ. 1894ರಲ್ಲೇ ಬರ್ಲಿನರ್ ಕಂಪನಿಯ ಒಂದು ಗ್ರಾಮಫೋನ್ ತಟ್ಟೆಯಲ್ಲಿ ಕೊಳಲು-ಡೋಲಿನ ಸಿಪಾಯಿ ಮೇಳ ದೂರದಿಂದ ಹತ್ತಿರ ಬಂದು, ಮತ್ತೆ ದೂರ ಹೋಗುವ ಹಾಗೆ ಕೇಳುತ್ತದೆ. ಆಗ ಮೈಕ್ ಇಲ್ಲ. ಮೈಕಿನಲ್ಲಿ ರೆಕಾರ್ಡ್ ಮಾಡೋದು ಶುರುವಾಗಿದ್ದೇ 1925ಕ್ಕೆ. ಅದಕ್ಕೂ ಮುಂಚೆ ದೊಡ್ಡ ಕಹಳೆ ಬಾಯಿಗೆ ಹಾಡಬೇಕಿತ್ತು. ಸದ್ದು ಸಣ್ಣದು ಮಾಡಬೇಕಂದ್ರೆ ಕಹಳೆಯಿಂದ ಹಿಂದೆ ಸರಿಯಬೇಕು. ಅಂದರೆ ಫೇಡ್ ಔಟ್ ಅನ್ನೋದು ಮೊದಲು ಕಾಲಿನ ಕೆಲಸ. ಕೈಗೆ ಬಂದದ್ದು ಆಮೇಲೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಲಂಡನ್ ಅಲ್ಲ, ನಮ್ಮೂರ ಮೊಹರಂ. ಅಲಾಯಿ ದೇವರು ಹೊಳೆಗೆ ಹೊರಟ ಮೇಲೆ ಅವ್ವ ಕಟ್ಟೆ ಮೇಲೇ ಕೂತಿರುತ್ತಿದ್ದಳು. ಹಲಗೆ ಸದ್ದು ಅಗಸಿ ದಾಟಿ, ಹೊಲದ ಕಡೆ ತಿರುಗಿ, ಸಣ್ಣಗಾಗ್ತಾ ಹೋಗುತ್ತಿತ್ತು. “ಇನ್ನ ಕೇಳ್ತದೇನಬೇ?” ಅಂತ ನಾನು. “ಸುಮ್ಕಿರು, ಕೇಳ್ತದ” ಅಂತ ಅವಳು. ನನಗೆ ಕೇಳುತ್ತಿರಲಿಲ್ಲ. ಅವಳಿಗೆ ಕೇಳುತ್ತಿತ್ತು. ಯಾವಾಗ ನಿಂತಿತು ಅಂತ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದರೆ ನನ್ನ ತಬಲಾ ಗೆಳೆಯ ನಗುತ್ತಾನೆ. ಅವನ ವಾದ: ಮುಗಿಸೋಕೆ ಬರದವರು ಸದ್ದು ಇಳಿಸುತ್ತಾರೆ. ಒಂದೇ ತುಣುಕನ್ನು ಮೂರು ಸಲ ಬಾರಿಸುವ ತಿಹಾಯಿ ಹೊಡೆದು, ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದು ನಿಲ್ಲು ನೋಡೋಣ! ಭಜನೆಗೆ ಮಂಗಳಾರತಿ ಇದೆ, ಸಂಗೀತ ಕಚೇರಿಗೆ ಭೈರವಿ ರಾಗ ಇದೆ, ನಿಮ್ಮ ಸಿನಿಮಾ ಹಾಡಿಗೆ ಏನಿದೆ? ಸರಿಯಪ್ಪಾ, ಸೋಮಾರಿಗಳೂ ಇದ್ದರು. ರೇಡಿಯೋದ ಮೂರು ನಿಮಿಷಕ್ಕೆ ಹಾಡನ್ನು ಒಗ್ಗಿಸೋಕೆ ಸದ್ದು ಇಳಿಸಿದವರೂ ಇದ್ದರು. ಆದರೆ 1968ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದವರು ‘ಹೇ ಜೂಡ್’ ಮಾಡಿದಾಗ ಅದು ಏಳು ನಿಮಿಷದ ಹಾಡು. ಅರ್ಧಕ್ಕಿಂತ ಜಾಸ್ತಿ ಬರೀ ಕೊನೆಯೇ! ಅದೇ ಸಾಲು ಸುತ್ತಿ ಸುತ್ತಿ ಕರಗುತ್ತದೆ. ಮುಗಿಸೋಕೆ ಬರದವರು ನಾಲ್ಕು ನಿಮಿಷ ಮುಗಿಸುತ್ತಾರಾ? ಹೋಗಲಿ ಬಿಡಿ, ತಬಲಾದವರ ಹತ್ತಿರ ವಾದ ಗೆದ್ದವರಿಲ್ಲ.

ಜರ್ಮನಿಯ ಹ್ಯಾನೋವರ್‌ನಲ್ಲಿ ಸಂಗೀತ ಕಲಿಸುವವರು ಇದನ್ನು ಪರೀಕ್ಷೆಯನ್ನೇ ಮಾಡಿದ್ದಾರೆ. ಹಾಡು ಕೇಳ್ತಾ ತಾಳ ಹಾಕಿ ಅಂದರಂತೆ. ಗಕ್ಕನೆ ನಿಲ್ಲುವ ಹಾಡಿಗೆ ಜನ ಮುಂಚೆಯೇ ಕೈ ನಿಲ್ಲಿಸಿದರು. ಕರಗಿ ಹೋಗುವ ಹಾಡಿಗೆ, ಸದ್ದು ನಿಂತ ಮೇಲೂ ತಾಳ ಹಾಕ್ತಾನೇ ಇದ್ದರು. ನಮ್ಮವ್ವನಿಗೆ ಇದು ಮೊದಲೇ ಗೊತ್ತಿತ್ತು.

ಈಗಿನ ಹಾಡುಗಳಲ್ಲಿ ಇದು ಅಪರೂಪ. ಮಾಡಿದರೂ ಕೇಳೋರು ಯಾರು? ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಹಾಡಿನ ಕೊನೇ ಭಾಗಕ್ಕೆ ಯಾರೂ ಕಾಸು ಕೊಡೋದಿಲ್ಲ.

ರಾತ್ರಿ ಮದುವೆ ಮನೆಯಲ್ಲಿ ಆರ್ಕೆಸ್ಟ್ರಾ. ಕರಗಿ ಹೋಗುವ ಹಾಡನ್ನೇ ಹಿಡಿದರು. ಪಲ್ಲವಿ ಐದು ಸಲ ಆಯ್ತು. ಹಾಡುವ ಹುಡುಗ ಕೀಬೋರ್ಡಿನವನ ಮುಖ ನೋಡಿದ. ಕೀಬೋರ್ಡಿನವನು ರಿದಂ ಪ್ಯಾಡಿನವನ ಮುಖ ನೋಡಿದ. ಎಲ್ಲಿ ನಿಲ್ಲಿಸೋದು ಯಾರಿಗೂ ಗೊತ್ತಿಲ್ಲ, ರೆಕಾರ್ಡಿನಲ್ಲಿ ಅದು ನಿಂತೇ ಇಲ್ಲವಲ್ಲ! ಕೊನೆಗೆ ಪ್ಯಾಡಿನವನು ಢಂ ಅಂತ ಒಂದು ಹೊಡೆದ. “ಥ್ಯಾಂಕ್ಯೂ ಬಳ್ಳಾರಿ!” ಅಳಿಯ ನನ್ನ ಕಡೆ ತಿರುಗಿ, “ಹಿಂಗ ಮುಗಿಬೇಕು ನೋಡ್ ಮಾಮಾ” ಅಂದ. ನಾನು ಹೋಳಿಗೆ ಕಡೆ ನೋಡಿದೆ.

ಇಷ್ಟು ಬೈದ ಮೇಲೆ ಒಂದು ತಪ್ಪೊಪ್ಪಿಗೆಯೂ ಇರಲಿ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಸೈಡು ಅರ್ಧ ಗಂಟೆ. ಗಿರಾಕಿಗಳ ಪಟ್ಟಿಯಲ್ಲಿ ಯಾವಾಗಲೂ ಒಂದು ಹಾಡು ಜಾಸ್ತಿ. ಬಿಟ್ಟರೆ ಜಗಳ. ಟೇಪು ಮುಗಿಯೋಕೆ ಬಂದಾಗ ನಾನೇ ಗುಂಡಿ ಹಿಡಿದು ಮೆಲ್ಲಗೆ ಇಳಿಸಿಬಿಡುತ್ತಿದ್ದೆ. ಎರಡನೇ ಚರಣ ಹಾಡುವ ಮೊದಲೇ ಎಷ್ಟೋ ಹಾಡನ್ನು ಹೀಗೆ ಕಳಿಸಿದ್ದೇನೆ. ಯಾರೂ ಬಂದು ಕೇಳಲಿಲ್ಲ. ರಾಯಚೂರಿನ ಗೆಳೆಯರೇ, ನಿಮ್ಮ ಮನೆಯ ಅಟ್ಟದ ಮೇಲೆ ನನ್ನ ಕೈಬರಹದ ಚೀಟಿ ಇರುವ ಕ್ಯಾಸೆಟ್ ಸಿಕ್ಕರೆ, ಬಿ ಸೈಡಿನ ಕೊನೇ ಹಾಡು ಅರ್ಧಕ್ಕೇ ಕರಗಿ ಹೋದರೆ, ಸಂಗೀತ ನಿರ್ದೇಶಕರನ್ನು ಬೈಬೇಡಿ. ಅದು ನನ್ನ ಕೈ.