ಅಡಿಕೆ ಮಾರಿ ಸೆಂಟು ತಂದವರು

ಮಲೆನಾಡಿನಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹಿಂದೆಲ್ಲ ಮನೆಯ ಮಾಡಿಗೆ ಮಂಗಳೂರು ಹಂಚು ಏರುತ್ತಿತ್ತು, ಅನಂತರದ ತಲೆಮಾರಿನಲ್ಲಿ ಅಂಗಳಕ್ಕೆ ಜೀಪು ಬಂತು, ಈಗ ಸಿಂಗಾಪುರದಿಂದ ಹೊರಡುವ ವಿಹಾರ ಹಡಗಿನ ಟಿಕೆಟ್ಟು ಬರುತ್ತಿದೆ. ಮಳೆಗಾಲವಿಡೀ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುತ್ತ, ಚಳಿಗಾಲವಿಡೀ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ದಾರಿ ಕಾಯುತ್ತ ಸುಸ್ತಾದವರು ನಾಲ್ಕು ದಿನ ಕಡಲಿನ ಮೇಲೆ ತೇಲಿ ಬರುವುದರಲ್ಲಿ ಯಾರಿಗೂ ತಕರಾರಿರಬಾರದು, ನನಗಂತೂ ಇಲ್ಲ. ನನ್ನ ತಕರಾರು ಅವರು ಊರಿಗೆ ಮರಳಿದ ಮೇಲೆ ಒಪ್ಪಿಸುವ ಲೆಕ್ಕದ ಬಗ್ಗೆ ಮಾತ್ರ. ಸಮುದ್ರ ಹೇಗಿತ್ತೆಂದು ಕೇಳಿದರೆ ಸಮುದ್ರದ ಸುದ್ದಿಯನ್ನೇ ಎತ್ತದೆ, "ಹಡಗಿನಲ್ಲಿ ಸೆಂಟು ಸಿಕ್ಕಾಪಟ್ಟೆ ಸೋವಿ ಮಾರಾಯ್ರೆ, ಟ್ಯಾಕ್ಸೇ ಇಲ್ಲ" ಎಂದು ಶುರುಮಾಡುತ್ತಾರೆ.

ಸಾಗರದ ಕಡೆಯ ನಮ್ಮ ಭಾವ ಈ ಲೆಕ್ಕದಲ್ಲಿ ಪಂಡಿತರು. ಕ್ವಿಂಟಲಿಗೆ ನೂರು ರೂಪಾಯಿ ಕಡಿಮೆ ಬಂತೆಂದು ಟೆಂಡರನ್ನೇ ಒಪ್ಪದೆ ರಾಶಿ ಅಡಿಕೆಯ ಚೀಲಗಳನ್ನು ಮಂಡಿಯಲ್ಲಿಯೇ ಉಳಿಸಿ ಬರುವ ಮನುಷ್ಯ, ಒಂದು ಸೀಸೆಯ ಮೇಲೆ ಎರಡು ಸಾವಿರ ಉಳಿಯಿತೆಂಬ ಸಂತೋಷದಲ್ಲಿ ಬೆಂಗಳೂರಿನವರೆಗಿನ ಕಾರಿನ ಬಾಡಿಗೆ, ಅಲ್ಲಿಂದಾಚೆಯ ವಿಮಾನ, ವೀಸಾ, ಕಿಟಕಿಯಿರುವ ಕೋಣೆಗೆ ಕೊಟ್ಟ ಹೆಚ್ಚುವರಿ ಹಣ, ಹಡಗಿನವರು ದಿನದ ಲೆಕ್ಕದಲ್ಲಿ ತಾವಾಗಿಯೇ ಬಿಲ್ಲಿಗೆ ಸೇರಿಸಿಕೊಳ್ಳುವ ಭಕ್ಷೀಸು ಇವೆಲ್ಲವನ್ನೂ ಲೆಕ್ಕದಿಂದ ಹೊರಗಿಟ್ಟು ಮಾತನಾಡುತ್ತಾರೆ. ಅದು ಪ್ರವಾಸದ ಖರ್ಚು, ಇದು ಉಳಿತಾಯ, ಎರಡನ್ನೂ ಕಲಸಬಾರದು ಎಂಬುದು ಅವರ ವಾದ. ಈ ವಾದವನ್ನು ಒಪ್ಪಿದರೆ ಹೆಚ್ಚು ಸೀಸೆ ಕೊಂಡಷ್ಟೂ ಮನುಷ್ಯ ಶ್ರೀಮಂತನಾಗಬೇಕು, ಮತ್ತು ಭಾವ ಅದನ್ನು ಪರೀಕ್ಷಿಸಿಯೇ ನೋಡಿದ್ದಾರೆ.

ಸುಂಕವಿಲ್ಲದ ಅಂಗಡಿ ಎಂಬ ಕಲ್ಪನೆಗೆ ನಮ್ಮ ದೇಶದ ಸ್ವಾತಂತ್ರ್ಯದಷ್ಟೇ ವಯಸ್ಸು. 1947ರಲ್ಲಿ ಐರ್ಲೆಂಡಿನ ಶಾನನ್ ವಿಮಾನ ನಿಲ್ದಾಣದಲ್ಲಿ, ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನಕ್ಕೆಂದು ಇಳಿದಾಗ ಸುಮ್ಮನೆ ಕುಳಿತಿರುತ್ತಿದ್ದ ಪ್ರಯಾಣಿಕರನ್ನು ನೋಡಿದ ಬ್ರೆಂಡನ್ ಓ'ರೀಗನ್ ಎಂಬವರು, ಇವರು ಯಾವ ದೇಶದೊಳಕ್ಕೂ ಕಾಲಿಟ್ಟವರಲ್ಲವಾದ್ದರಿಂದ ಯಾವ ದೇಶದ ತೆರಿಗೆಯೂ ಇವರಿಗೆ ತಾಗಬೇಕಿಲ್ಲವೆಂಬ ತರ್ಕವನ್ನು ಹೂಡಿ ಮೊದಲ ಮಳಿಗೆಯನ್ನು ತೆರೆದರು. ಬೇರೆಲ್ಲಿಗೂ ಹೋಗಲಾರದವನಿಗಿಂತ ಒಳ್ಳೆಯ ಗಿರಾಕಿ ಇಲ್ಲವೆಂಬ ಇನ್ನೊಂದು ಸತ್ಯವೂ ಅದೇ ತರ್ಕದಲ್ಲಿ ಅಡಗಿತ್ತು, ಅದನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡವರು ಹಡಗಿನವರು. ತೆರಿಗೆ ಇಲ್ಲದಿದ್ದರೆ ಅಷ್ಟೂ ಹಣ ಗಿರಾಕಿಯ ಕಿಸೆಯಲ್ಲಿಯೇ ಉಳಿಯುತ್ತದೆಂದು ಎಲ್ಲಿಯೂ ಬರೆದಿಲ್ಲ. ತೆರಿಗೆ ಎದ್ದುಹೋದ ಜಾಗದಲ್ಲಿ ಅಂಗಡಿಯವನ ಲಾಭ ಕೂರಬಹುದು, ಅವನು ಹಡಗಿನ ಕಂಪನಿಗೆ ಕೊಡಬೇಕಾದ ಪಾಲು ಕೂರಬಹುದು. ಕಾಲು ಚಾಚಿಕೊಂಡು ಎರಡೂ ಕೂರುವಷ್ಟು ಜಾಗ ಅಲ್ಲಿದೆ.

ಹಡಗು ಬಂದರಿನಲ್ಲಿ ನಿಂತಿರುವಷ್ಟು ಹೊತ್ತು ಆ ದೇಶದ ಸುಂಕದವರ ಕಣ್ಣೆದುರಿಗೇ ಇರುವುದರಿಂದ ಮಳಿಗೆಗೆ ಸಾಮಾನ್ಯವಾಗಿ ಬೀಗ ಬಿದ್ದಿರುತ್ತದೆ, ದಡ ಬಿಟ್ಟು ದೂರ ಸಾಗಿದ ಮೇಲೆಯೇ ಬಾಗಿಲು ತೆರೆಯುತ್ತದೆ. 1982ರ ಸಮುದ್ರ ಕಾನೂನಿನ ಒಪ್ಪಂದವು ದೇಶವೊಂದರ ಕಡಲಿಗೆ ಹಾಕಿರುವ ಗರಿಷ್ಠ ಎಲ್ಲೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರು. ಶಿವಮೊಗ್ಗದಿಂದ ಹೊರಟವರು ಭದ್ರಾವತಿಯನ್ನು ಮುಟ್ಟುವಷ್ಟು ದೂರ. ಇಷ್ಟು ದೂರ ಹಡಗು ಹೋಗುವ ಸಂಜೆಯ ಹೊತ್ತಿನಲ್ಲಿ ಆಕಾಶ ಕೆಂಪಾಗುತ್ತದೆ, ದಡದ ದೀಪಗಳು ಸಣ್ಣದಾಗುತ್ತವೆ, ಮೇಲಿನ ಅಂತಸ್ತಿನಲ್ಲಿ ಸಂಗೀತ ಶುರುವಾಗುತ್ತದೆ ಎಂದು ಕಂಪನಿಯ ಜಾಹೀರಾತಿನ ಹಾಳೆಯಲ್ಲಿ ಬರೆದಿದೆ. ನಮ್ಮವರು ಅದನ್ನು ನೋಡಿದವರಲ್ಲ, ಏಕೆಂದರೆ ಆ ಹೊತ್ತಿಗೆ ಅವರೆಲ್ಲ ಐದನೆಯ ಅಂತಸ್ತಿನಲ್ಲಿ ಮುಚ್ಚಿದ ಗಾಜಿನ ಬಾಗಿಲಿನ ಮುಂದೆ ಸಾಲುಗಟ್ಟಿದ್ದರು. ಅಕ್ಕ ಹೇಳುವ ಪ್ರಕಾರ ಅವಳು ಒಮ್ಮೆ, "ಏನ್ರೀ, ಮೇಲೆ ಹೋಗಿ ಸೂರ್ಯಾಸ್ತ ನೋಡೋಣ್ವಾ?" ಎಂದು ಕೇಳಿದ್ದಳಂತೆ. "ಸೂರ್ಯ ಆಗುಂಬೆಯಲ್ಲೂ ಮುಳುಗ್ತಾನೆ ಮಾರಾಯ್ತಿ, ನೀನು ಸಾಲು ಬಿಡಬೇಡ" ಎಂದರಂತೆ ಭಾವ.

ಒಳಗಿನ ವ್ಯವಹಾರ ಸ್ವಾರಸ್ಯಕರವಾದದ್ದು. ಬಿಳಿಯ ಕಾಗದದ ಸಣ್ಣ ಪಟ್ಟಿಗೆ ಒಂದೊಂದು ಸೀಸೆಯಿಂದ ಒಂದೊಂದು ಸಿಂಪಡಣೆ ಹೊಡೆದು ಮೂಗಿನ ಮುಂದೆ ಹಿಡಿಯುತ್ತಾರೆ, ನಾಲ್ಕನೆಯದಕ್ಕೆ ಮೂಗು ಮಂಕಾದಾಗ ಗಾಜಿನ ಬಟ್ಟಲಿನಲ್ಲಿಟ್ಟ ಹುರಿದ ಕಾಫಿ ಬೀಜವನ್ನು ಮೂಸಲು ಹೇಳುತ್ತಾರೆ. ಮಲೆನಾಡಿನವನ ಮುಂದೆ ಕಾಫಿ ಬೀಜ ಇಡುವಾಗ ಸ್ವಲ್ಪ ಯೋಚಿಸಬೇಕಿತ್ತು. ಭಾವ ಒಂದು ಬೀಜವನ್ನೆತ್ತಿ ದೀಪಕ್ಕೆ ಹಿಡಿದು ನೋಡಿ, ಬಾಯಿಗೆ ಹಾಕಿ ಕಟುಮ್ಮೆಂದು ಕಡಿದು, ರೋಬಸ್ಟಾ, ಹುರಿದದ್ದು ಜಾಸ್ತಿಯಾಗಿದೆ ಎಂದು ತೀರ್ಪು ಕೊಟ್ಟರು. ಇಡೀ ಪ್ರವಾಸದಲ್ಲಿ ಅವರು ಒಂದು ಸರಕನ್ನು ಸರಿಯಾಗಿ ಪರೀಕ್ಷಿಸಿದ್ದು ಅದೊಂದೇ ಸಲ, ಅದು ಮಾರಾಟಕ್ಕಿಟ್ಟದ್ದಾಗಿರಲಿಲ್ಲ. ಸೆಂಟಿನ ವಿಷಯದಲ್ಲಿ ಮಾತ್ರ ಮೊದಲ ಹತ್ತು ಹದಿನೈದು ನಿಮಿಷ ಮೂಗಿಗೆ ಹೊಡೆಯುವ ನಿಂಬೆ, ಕಿತ್ತಳೆಗಳ ಮೇಲ್ಪದರಕ್ಕೇ ಅವರು ಮರುಳಾದರು. ಅದು ಹಾರಿಹೋದ ಮೇಲೆ ಮೈಮೇಲೆ ಉಳಿಯುವುದೇ ಆ ಸುಗಂಧದ ಅಸಲು ಮುಖ. ಅದು ಹೊರಬರುವಷ್ಟರಲ್ಲಿ ಗಿರಾಕಿಯ ಕಾರ್ಡು ಯಂತ್ರದಿಂದ ಹೊರಬಂದಿರುತ್ತದೆ.

ಬೆಲೆಯ ಫಲಕವಂತೂ ಒಂದು ಕಲಾಕೃತಿ. ಅದರಲ್ಲಿ ಹೊಡೆದುಹಾಕಿದ ದೊಡ್ಡ ಬೆಲೆ ಕಂಪನಿಯ ಪಟ್ಟಿಯಲ್ಲಿರುವುದು, ಅದನ್ನು ಭೂಮಿಯ ಮೇಲಿನ ಯಾವ ಅಂಗಡಿಯಲ್ಲಿಯೂ ಬುದ್ಧಿಯಿದ್ದವರು ಕೊಡುವುದಿಲ್ಲ. ಇದೇ ಸೀಸೆ ದೀಪಾವಳಿಯ ರಿಯಾಯಿತಿಯಲ್ಲಿ ಆನ್‌ಲೈನ್‌ನಲ್ಲಿ ಎಷ್ಟಕ್ಕೆ ಬರುತ್ತದೆಂದು ನೋಡೋಣವೆಂದರೆ ನಡುಗಡಲಿನಲ್ಲಿ ನೆಟ್‌ವರ್ಕ್ ಇಲ್ಲ, ಹಡಗಿನ ಇಂಟರ್‌ನೆಟ್ಟಿಗೆ ಬೇರೆ ಹಣ ಕೊಡಬೇಕು. ಹಾಗೂ ನೋಡಿದರೆ ಹೋಲಿಸಲು ಏನೂ ಸಿಗದಂತೆ, ಪ್ರಯಾಣಿಕರಿಗೆಂದೇ ವಿಶೇಷವಾಗಿ ತಯಾರಿಸಿದ ಜೋಡಿ ಪೊಟ್ಟಣಗಳನ್ನು ಜೋಡಿಸಿಟ್ಟಿರುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಮಾಯೆ ಸೀಸೆಯ ಕೊರಳಿನ ಕೆಳಗಿರುವ ಸಣ್ಣ ಅಕ್ಷರಗಳದು. ಓ ಡಿ ಪರ್ಫಮ್ ಎಂದಿದ್ದರೆ ಅದರಲ್ಲಿ ಸುಗಂಧ ತೈಲದ ಪಾಲು ಸುಮಾರು ನೂರಕ್ಕೆ 15ರಿಂದ 20, ಓ ಡಿ ಟಾಯ್ಲೆಟ್ ಎಂದಿದ್ದರೆ 5ರಿಂದ 15, ಉಳಿದದ್ದು ಬಹುಪಾಲು ಮದ್ಯಸಾರ. ಹೆಸರು ಒಂದೇ, ಪೆಟ್ಟಿಗೆಯೂ ಹೆಚ್ಚುಕಡಿಮೆ ಒಂದೇ. ಊರಿನಲ್ಲಿ ಮೊದಲನೆಯದರ ಬೆಲೆ ಕೇಳಿ ಬಂದವರು ಹಡಗಿನಲ್ಲಿ ಎರಡನೆಯದನ್ನು ಕೊಂಡು, ಮೂರು ಸಾವಿರ ಉಳಿಸಿದೆನೆಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದುಂಟು.

ಅಗ್ಗಕ್ಕೆ ಕೊಳ್ಳುವ ದಾರಿಯೇ ಇರಲಿಲ್ಲವೆಂದಲ್ಲ. ಊರು ಬಿಡುವ ಮೊದಲೇ ಸೀಸೆಯ ಹೆಸರು, ಜಾತಿ, ಎಷ್ಟು ಮಿಲಿಲೀಟರಿಗೆ ಎಷ್ಟು ರೂಪಾಯಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬಹುದಿತ್ತು. ಕೊನೆಯ ದಿನ ಮಳಿಗೆಯವರು ಉಳಿದ ಸರಕನ್ನು ಮೊಗಸಾಲೆಯಲ್ಲಿ ಮೇಜು ಹಾಕಿ ಮಾರುವವರೆಗೆ ಕಾಯಬಹುದಿತ್ತು. ಅದಲ್ಲದೆ ಭಾವನ ಹಡಗು ಲಂಕಾವಿಯಲ್ಲಿ ಅರ್ಧ ದಿನ ನಿಂತಿತ್ತು. ಮಲೇಷ್ಯಾದ ಆ ದ್ವೀಪ 1987ರಿಂದ ಇಡಿಯಾಗಿ ಸುಂಕಮುಕ್ತ ಪ್ರದೇಶ, ಅಲ್ಲಿ ಒಂದಲ್ಲ ಹತ್ತು ಅಂಗಡಿಗಳು ಗಿರಾಕಿಗಾಗಿ ಜಗಳವಾಡುತ್ತವೆ. ಭಾವ ಇಳಿಯಲಿಲ್ಲ. ಮಧ್ಯಾಹ್ನದ ಊಟಕ್ಕೆ ಹಡಗಿನಲ್ಲಿ ಮೊದಲೇ ಹಣ ಕಟ್ಟಿಯಾಗಿದೆ, ಅದನ್ನು ಬಿಟ್ಟು ಹೊರಗೆ ಹೋದರೆ ನಷ್ಟವೆಂದು ಹೇಳಿ ಎರಡು ಸಲ ಐಸ್‌ಕ್ರೀಮ್ ತಿಂದು ಮಲಗಿದರು.

ಉಳಿತಾಯದ ಕೊನೆಯ ಅಧ್ಯಾಯ ನಡೆದದ್ದು ಸಿಂಗಾಪುರದ ವಿಮಾನ ನಿಲ್ದಾಣದಲ್ಲಿ. ಕೈಚೀಲದಲ್ಲಿ ಒಯ್ಯುವ ದ್ರವದ ಸೀಸೆ 100 ಮಿಲಿಲೀಟರಿಗಿಂತ ದೊಡ್ಡದಿರಬಾರದೆಂಬ ನಿಯಮ 2006ರಿಂದ ಜಗತ್ತಿನಾದ್ಯಂತ ಹಬ್ಬಿದ್ದು, ಹಡಗಿನ ಮಳಿಗೆಯ ಚಂದದ ಚೀಲಕ್ಕೆ, ನಿಲ್ದಾಣದ ಮಳಿಗೆಯವರು ಮೊಹರು ಮಾಡಿಕೊಡುವ ಚೀಲಕ್ಕಿರುವ ವಿನಾಯಿತಿಯ ಮರ್ಯಾದೆ ಸಿಗುವುದಿಲ್ಲ. ಒಡೆದುಹೋದೀತೆಂಬ ಭಯದಲ್ಲಿ ದೊಡ್ಡ ಪೆಟ್ಟಿಗೆಗೆ ಹಾಕದೆ ಎದೆಗವಚಿಕೊಂಡು ತಂದ 125 ಮಿಲಿಲೀಟರಿನ ಸೀಸೆ ತಪಾಸಣೆಯವರ ಡಬ್ಬಿಗೆ ಬಿತ್ತು. ಬೀಳುವ ಮೊದಲು ಭಾವ ಅದನ್ನು ತಮಗೂ ಅಕ್ಕನಿಗೂ ಹಿಂದಿದ್ದ ಇಬ್ಬರು ಅಪರಿಚಿತರಿಗೂ ಬೋರ್ಡೋ ಹೊಡೆಯುವ ಹುರುಪಿನಲ್ಲಿ ಸಿಂಪಡಿಸಿದರೆಂದು ಅಕ್ಕ ಹೇಳುತ್ತಾಳೆ. ಭಾವ ಇದನ್ನು ಅಲ್ಲಗಳೆಯುತ್ತಾರೆ.

ಇಷ್ಟೆಲ್ಲ ನಡೆದದ್ದು ಯಾವ ಊರಿನವರಿಂದ ಎಂಬುದನ್ನು ಮರೆಯಬಾರದು. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಗಂಧದೆಣ್ಣೆಯ ಸರ್ಕಾರಿ ಕಾರ್ಖಾನೆಗೆ ಜೊತೆಯಾಗಿ 1944ರಲ್ಲಿ ಎರಡನೆಯದು ಸ್ಥಾಪನೆಯಾದದ್ದು ಇದೇ ಶಿವಮೊಗ್ಗದಲ್ಲಿ. ಫ್ರಾನ್ಸಿನ ಗೆರ್ಲಾನ್ ಕಂಪನಿ 1989ರಲ್ಲಿ ಹೊರತಂದ ಸಂಸಾರ ಎಂಬ ಸೆಂಟು ಹೆಸರು ಮಾಡಿದ್ದೇ ಮೈಸೂರು ಸೀಮೆಯ ಗಂಧದೆಣ್ಣೆಯನ್ನು ಧಾರಾಳವಾಗಿ ಬಳಸಿದ್ದಕ್ಕೆ. ನಮ್ಮ ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯವರೆಗೆ ನಮ್ಮದಾಗಿರಲಿಲ್ಲ, ಸರ್ಕಾರದ್ದಾಗಿತ್ತು. ಗಿಡ ಕಂಡರೆ ಅರಣ್ಯ ಇಲಾಖೆಯವರು ಬರುತ್ತಾರೆಂದು ಹೆದರಿ ಎಳೆಯದರಲ್ಲಿಯೇ ಕಿತ್ತೆಸೆದ ಮನೆಗಳಿವೆ. ಹೀಗೆ ಕಿತ್ತೆಸೆದವರ ಮೊಮ್ಮಕ್ಕಳು ಈಗ ಗಂಧದ ವಾಸನೆಯುಳ್ಳ ಫ್ರೆಂಚ್ ಸೀಸೆಯನ್ನು ಮಲಾಕ್ಕಾ ಜಲಸಂಧಿಯಲ್ಲಿ ಡಾಲರು ಕೊಟ್ಟು ಕೊಂಡು ತರುತ್ತಿದ್ದಾರೆ.

ಆದ್ದರಿಂದ ಜಿಲ್ಲಾಡಳಿತಕ್ಕೆ ನನ್ನದೊಂದು ಸಲಹೆಯಿದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾದ ಮೇಲೆ ಸಿಗಂದೂರಿಗೆ ಹೋಗಲು ಲಾಂಚ್ ಬೇಕಿಲ್ಲ. ಬಸ್ಸು, ಜೀಪು, ಹೊರೆಕಾಣಿಕೆಗಳನ್ನೆಲ್ಲ ಹೊತ್ತು ದಾಟಿಸುತ್ತಿದ್ದ ಆ ಲಾಂಚಿನ ಮೇಲೊಂದು ಗಾಜಿನ ಮಳಿಗೆ ಕಟ್ಟಿ, ಶಿವಮೊಗ್ಗದ ಗಂಧದೆಣ್ಣೆಯನ್ನು ಉಚ್ಚರಿಸಲು ಬಾರದ ಹೆಸರಿನ ಸೀಸೆಗಳಲ್ಲಿ ತುಂಬಿಟ್ಟು, ದಡದಲ್ಲಿ ನಿಂತಿರುವಾಗ ಬಾಗಿಲಿಗೆ ಬೀಗ ಹಾಕಬೇಕು. ನೀರಿನ ನಡುವೆ ತಲುಪಿದ ಮೇಲೆ ಮಾತ್ರ ತೆರೆಯುವುದೆಂದು ಫಲಕ ಬರೆಸಿದರೆ ಈಚೆ ದಡದ ಹೊಳೆಬಾಗಿಲಿನಿಂದ ಆಚೆ ದಡದ ತುಮರಿಯವರೆಗೂ ಸಾಲು ನಿಲ್ಲುತ್ತದೆ. ಈ ಯೋಜನೆಯನ್ನು ಭಾವನ ಮುಂದಿಟ್ಟಾಗ ಅವರು ನಗಲಿಲ್ಲ. ಬಹಳ ಹೊತ್ತು ಯೋಚಿಸಿ, ಆಚೆ ದಡಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ನಾಲ್ಕು ಕಾಗದ ಮೂಸಿ ಕಾಫಿ ಬೀಜ ಮೂಸುವಷ್ಟರಲ್ಲಿ ಮಳಿಗೆ ಮುಚ್ಚಿಬಿಡುತ್ತದೆ, ಲಾಂಚನ್ನು ಎರಡು ಸುತ್ತು ಹೆಚ್ಚಿಗೆ ಹೊಡೆಸುವುದಾದರೆ ತಾವು ಈಗಲೇ ಟಿಕೆಟ್ಟಿಗೆ ಮುಂಗಡ ಕೊಡಲು ಸಿದ್ಧ ಎಂದರು.