ಅಡತಿ ಅಂಗಡಿಯ ಬಿಟ್‌ಕಾಯಿನ್

ಕಲಬುರಗಿಯಲ್ಲಿ ನಾಲ್ಕು ಜನರ ಎದುರು ಬಿಟ್‌ಕಾಯಿನ್ ಅಂದು ನೋಡಿ. ಇಬ್ಬರು ಕೈಗಡ ಕೇಳುತ್ತಾರೆ. ಒಬ್ಬರು "ಪೊಲೀಸ್ರು ಬರಂಗಿಲ್ಲೇನ್ರಿ?" ಅನ್ನುತ್ತಾರೆ. ಇನ್ನೊಬ್ಬರು ಪಕ್ಕಕ್ಕೆ ಕರೆದು, ತಮ್ಮ ಹೆಂಡತಿಯ ತಮ್ಮ ಅದರಲ್ಲಿ ಎಷ್ಟು ಕಳಕೊಂಡ ಅನ್ನೋದನ್ನ ಪಿಸುಮಾತಿನಲ್ಲಿ ಹೇಳುತ್ತಾರೆ.

ನಾನು ಮಾಡುತ್ತಿದ್ದ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. 2009ರ ಜನವರಿಯಲ್ಲಿ ಸತೋಶಿ ನಕಮೊಟೊ ಅನ್ನೋ ಹೆಸರಿನಲ್ಲಿ ಹೊರಬಂತಲ್ಲ ಮೊದಲ ಬಿಟ್‌ಕಾಯಿನ್ ಪ್ರೋಗ್ರಾಂ, 0.1 ಆವೃತ್ತಿ, ಅದನ್ನ ಅದೇ ಕಾಲದ ಸಲಕರಣೆ ಇಟ್ಟುಕೊಂಡು ಮತ್ತೆ ಕಟ್ಟೋದು. ದುಡ್ಡು ಹಾಕೋ ಹಾಗಿಲ್ಲ, ದುಡ್ಡು ಬರೋ ಹಾಗೂ ಇಲ್ಲ. ಇದನ್ನ ಬಿಡಿಸಿ ಹೇಳಿದರೆ ಜನಕ್ಕೆ ಅನುಮಾನ ಇನ್ನೂ ಜಾಸ್ತಿ. ಲಾಭ ಇಲ್ಲದೆ ರಾತ್ರಿ ಒಂದು ಗಂಟೆವರೆಗೆ ಯಾರು ಎದ್ದಿರುತ್ತಾರೆ, ಅಲ್ವಾ?

ಹೊಸ ಸಲಕರಣೆಯಲ್ಲೇ, ಹೊಸ ಕಂಪೈಲರ್‌ನಲ್ಲೇ (ಬರೆದ ಕೋಡನ್ನ ಓಡೋ ಪ್ರೋಗ್ರಾಂ ಮಾಡಿಕೊಡೋ ತಂತ್ರಾಂಶ) ಮಾಡಬಹುದಲ್ಲ ಅಂತ ಕಾಲೇಜಿನಲ್ಲಿ ನನ್ನ ಸಹೋದ್ಯೋಗಿ ಕೇಳಿದರು. ಮಾಡಬಹುದು. ಆದರೆ ಅದು ಅಲ್ಲಿ ಬೈಯುತ್ತೆ, ಇಲ್ಲಿ ಬೈಯುತ್ತೆ. ಉದಾಹರಣೆಗೆ ಓಪನ್‌ಎಸ್‌ಎಸ್‌ಎಲ್, ಡಿಜಿಟಲ್ ಸಹಿ ಹಾಕೋಕೆ ಬೇಕಾದ ಸಿದ್ಧ ಕೋಡು. 2016ರ 1.1.0 ಆವೃತ್ತಿಯಿಂದ ಅದು ತನ್ನ ಒಳಗಿನ ರಚನೆಯನ್ನ ಹೊರಗಿನವರು ಮುಟ್ಟದ ಹಾಗೆ ಮುಚ್ಚಿಬಿಟ್ಟಿದೆ. ಸತೋಶಿಯ ಕೋಡ್ ಸೀದಾ ಅಲ್ಲಿಗೇ ಕೈ ಹಾಕುತ್ತೆ. ಬೈದ ಕಡೆಯೆಲ್ಲ ತಿದ್ದುತ್ತಾ ಹೋದರೆ ಕೊನೆಗೆ ಓಡೋದು ಸತೋಶಿಯ ಪ್ರೋಗ್ರಾಂ ಅಲ್ಲ, ನಮ್ಮ ತಿದ್ದುಪಡಿ. ನನಗೆ ಅದು ಬೇಡವಾಗಿತ್ತು. ಆಗಿನ ಕಾಲದ್ದೇ ಆಗಬೇಕು ಅಂದರೆ ಎಲ್ಲಾ ಆಗಿನದ್ದೇ ಆಗಬೇಕು. ಹಾಗೆ ನೋಡಿದರೆ ಊರಿಗೂ ಗುಲ್ಬರ್ಗಾ ಅನ್ನಬೇಕಿತ್ತು. ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ ತಾನೆ.

ಸತೋಶಿ ಜೊತೆಗಿಟ್ಟ ಚೀಟಿಯಲ್ಲಿ ಎರಡು ಕಂಪೈಲರ್ ಹೆಸರಿದೆ. ಒಂದು ಮಿಂಗ್‌ಡಬ್ಲ್ಯೂ ಜಿಸಿಸಿ 3.4.5. ಇನ್ನೊಂದು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ 6.0. ಈ ಎರಡನೆಯದು 1998ರ ಸರಕು. ಅಂದರೆ 2009ರಲ್ಲೇ ಅದು ಹಳೇದು. ಜಗತ್ತಿನ ಹಣಕಾಸನ್ನೇ ತಿರುಗಿಸೋಕೆ ಹೊರಟ ಮನುಷ್ಯ ಹತ್ತು ವರ್ಷದ ಹಿಂದಿನ ಕಂಪೈಲರ್ ಇಟ್ಟುಕೊಂಡು ಕೂತಿದ್ದ ಅಂತ ಗೊತ್ತಾದಾಗ ನಮ್ಮ ಕಾಲೇಜ್ ಲ್ಯಾಬಿನ ಮೇಲೆ ನನಗೆ ಸ್ವಲ್ಪ ಗೌರವ ಬಂತು.

ಇದೆಲ್ಲ ಸಲೀಸಾಗಿ ಓಡಬೇಕಾದರೆ ವಿಂಡೋಸ್ ಎಕ್ಸ್‌ಪಿ ಬೇಕು. ಎಕ್ಸ್‌ಪಿಗೆ ತಕ್ಕ ಡಬ್ಬಿ ಬೇಕು. ಸೂಪರ್ ಮಾರ್ಕೆಟ್ ಹತ್ತಿರ ಹಳೇ ಕಂಪ್ಯೂಟರ್ ಮಾರುವ ಅಂಗಡಿಗೆ ಹೋದೆ. ಪೆಂಟಿಯಂ ಫೋರ್ ಇದೆಯಾ ಅಂದೆ. ಮಾಲೀಕರು ನನ್ನ ಮುಖವನ್ನೇ ನೋಡಿದರು.

"ಅಕ್ಕಾರ, ಹೊಸಾದು ಕೇಳೋರ್ನ ನೋಡೀನಿ. ಸಸ್ತಾದು ಕೇಳೋರ್ನ ನೋಡೀನಿ. ಬೇಕಂತ ಹಳೇದು ಕೇಳೋರು ನೀವೇ ಮೊದಲು."

ಆಮೇಲೆ ಮಾಳಿಗೆ ಮೇಲಿಂದ ಒಂದು ಡಬ್ಬಿ ಇಳಿಸಿಕೊಟ್ಟರು. ಒಳಗೆ ಜೇಡರ ಸಂಸಾರ. ಸಿಡಿ ಡ್ರೈವಿನ ಬಾಗಿಲು ತನ್ನಷ್ಟಕ್ಕೆ ತೆರೆಯೋದಿಲ್ಲ. ಸಣ್ಣ ತೂತಿಗೆ ಸೇಫ್ಟಿ ಪಿನ್ ಚುಚ್ಚಬೇಕು. ಚುಚ್ಚಿದಾಗ ಒಳಗಿಂದ ಯಾರದೋ ಮದುವೆಯ ಸಿಡಿ ಬಂತು. "ಅದು ಫ್ರೀ ಇರ್ಲಿ ಬಿಡ್ರಿ" ಅಂದರು ಮಾಲೀಕರು.

ಬೇಸಿಗೆ ಅದು. ಹೊರಗೆ ನಲವತ್ತು ಡಿಗ್ರಿ ದಾಟಿತ್ತು. ಬಿಟ್‌ಕಾಯಿನ್‌ಗಿಂತ ಮೊದಲು ಅದರ ಬಳಗವನ್ನೆಲ್ಲ ಕಟ್ಟಬೇಕು. ಕಿಟಕಿ, ಗುಂಡಿ ತೋರಿಸೋಕೆ ಡಬ್ಲ್ಯೂಎಕ್ಸ್‌ವಿಜೆಟ್ಸ್ 2.8. ಲೆಕ್ಕ ಬರೆದಿಡೋಕೆ ಬರ್ಕ್ಲಿ ಡಿಬಿ 4.7. ಸಹಿ ಹಾಕೋಕೆ ಓಪನ್‌ಎಸ್‌ಎಸ್‌ಎಲ್ 0.9.8. ಮೇಲೊಂದು ಬೂಸ್ಟ್ ಅನ್ನೋ ಸಿದ್ಧ ಕೋಡಿನ ಕಟ್ಟು. ಓಪನ್‌ಎಸ್‌ಎಸ್‌ಎಲ್ ಕಟ್ಟೋಕೆ ಪರ್ಲ್ ಅನ್ನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಬೇಕು ಅಂತ ಅದು ಹಟ ಹಿಡಿಯಿತು. ಹಾಗಾಗಿ ಪರ್ಲ್ ಕೂಡ ಬಂತು. ತಮಾಷೆ ಏನಂದರೆ, ಗುಪ್ತ ಲಿಪಿಯ ಹಣ ಅಂತ ಎಲ್ಲರೂ ಕರೆಯೋ ಈ ಪ್ರೋಗ್ರಾಂ ಏನನ್ನೂ ಗುಪ್ತ ಲಿಪಿಗೆ ತಿರುಗಿಸಿ ಬಚ್ಚಿಡೋದಿಲ್ಲ. ಬರೀ ಸಹಿ, ಬರೀ ಹ್ಯಾಶ್, ಅಂದರೆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯೋ ಬೆರಳಚ್ಚಿನಂಥ ಸಂಖ್ಯೆ. ಸತೋಶಿಯೇ ಚೀಟಿಯಲ್ಲಿ ಹಾಗಂತ ಬರೆದಿದ್ದಾನೆ.

ಡಬ್ಬಿ ಕಾಯತೊಡಗಿತು. ಮುಚ್ಚಳ ಬಿಚ್ಚಿ ನಡುಮನೆಯ ಏರ್ ಕೂಲರ್ ಅದರ ಕಡೆ ತಿರುಗಿಸಿದೆ. ಅತ್ತೆ ಬಂದು ನಿಂತರು.

"ಇದೇನವ್ವಾ, ಯಂತ್ರಕ್ಕ ಕೂಲರ್, ಮನಷಾರಿಗಿ ಬೀಸಣಿಗಿ?"

ಅವರು ಪರದೆ ನೋಡಿದರು. ಅಲ್ಲಿ ಸಾಲು ಸಾಲು ಎಚ್ಚರಿಕೆ ಇಳಿಯುತ್ತಿತ್ತು. ವಿಷುಯಲ್ ಸಿ 6 ಬಳಸಿದ ಯಾರಿಗಾದರೂ ಸಿ4786 ಅಂದರೆ ಸಾಕು, ಹಣೆ ಒತ್ತಿಕೊಳ್ಳುತ್ತಾರೆ. ಕೋಡಿನ ಒಳಗಿನ ಯಾವುದೋ ಹೆಸರು 255 ಅಕ್ಷರಕ್ಕಿಂತ ಉದ್ದ ಆಯಿತು, ಕತ್ತರಿಸಿದೆ ಅಂತ ಅದರ ಅರ್ಥ. ಕತ್ತರಿಸಿದ್ದೇನೆ ಅಂತ ಹೇಳೋಕೆ ಆ ಹೆಸರನ್ನ ಪೂರ್ತಿ ಅಚ್ಚು ಹಾಕುತ್ತೆ! ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ "ಸ್ಥಳಾಭಾವದಿಂದ ಎಲ್ಲರ ಹೆಸರು ಹಾಕಲಾಗಿಲ್ಲ" ಅಂತ ಬರೆದು ಕೆಳಗೆ ಎಲ್ಲರ ಹೆಸರೂ ಹಾಕಿರುತ್ತಾರಲ್ಲ, ಹಾಗೆ. ಇದರಿಂದ ಏನೂ ಕೆಡೋದಿಲ್ಲ. ಆದರೆ ನಿಜವಾದ ತಪ್ಪು ಈ ಗದ್ದಲದಲ್ಲಿ ಎಲ್ಲೋ ಮುಳುಗಿರುತ್ತೆ.

ಅಂತೂ ಒಂದು ರಾತ್ರಿ ಬಿಲ್ಡ್ ಮುಗಿಯಿತು. ಡಬಲ್ ಕ್ಲಿಕ್ ಮಾಡಿದೆ. ಕಿಟಕಿ ತೆರೆಯಿತು! ಬಂಗಾರದ ಬಣ್ಣದ ನಾಣ್ಯದ ಐಕಾನ್. ನಾಣ್ಯ ತಯಾರಿಸು ಅನ್ನೋ ಮೆನು. ಟಿಕ್ ಹಾಕಿದೆ. ಕೆಳಗೆ ಸೊನ್ನೆ ಕನೆಕ್ಷನ್ ಅಂತ ತೋರಿಸಿತು. ಕಾದೆ. ಪ್ರೊಸೆಸರ್ ಬಿಸಿಯೂ ಆಗಲಿಲ್ಲ. ನೋಡಿದರೆ ಗಣಿಗಾರಿಕೆ, ಅಂದರೆ ಹ್ಯಾಶ್ ಮಾಡಿ ಮಾಡಿ ನಾಣ್ಯ ಹುಡುಕೋ ಕೆಲಸ, ಶುರುವೇ ಆಗಿಲ್ಲ.

ಕೋಡ್ ತೆಗೆದು ನೋಡಿದರೆ ಅಲ್ಲೇ ಇದೆ. ಜೊತೆಗೆ ಇನ್ನೊಂದು ಗಣಕ ಸಿಗೋವರೆಗೆ ಇದು ಸುಮ್ನೆ ಮಲಗುತ್ತೆ. ಸೆಕೆಂಡಿಗೊಮ್ಮೆ ಎದ್ದು ಯಾರಾದರೂ ಬಂದರಾ ಅಂತ ನೋಡುತ್ತೆ. ಮತ್ತೆ ಮಲಗುತ್ತೆ. ಒಬ್ಬರೇ ಕೂತು ನಾಣ್ಯ ಹೊಡೆಯೋದು ಸತೋಶಿಗೆ ಒಪ್ಪಿಗೆ ಇಲ್ಲ. ಇವತ್ತಿನ ನಿಜವಾದ ಜಾಲಕ್ಕೆ ಸೇರಿಸೋಣ ಅಂದರೆ ಅದೂ ಆಗಲ್ಲ. ಗಣಕಗಳು ಪರಸ್ಪರ ಮಾತಾಡೋ ರೀತಿ 2012ರ ಫೆಬ್ರುವರಿ 20ಕ್ಕೆ ಬದಲಾಯಿತು. ಅವತ್ತಿಂದ ಮೊದಲ ಮಾತಿಗೇ ಚೆಕ್‌ಸಮ್, ಅಂದರೆ ಮಾತು ಕೆಡದೆ ಬಂತಾ ಅಂತ ತಾಳೆ ನೋಡೋ ಸಂಖ್ಯೆ, ಬೇಕು. ನಮ್ಮ 0.1ಕ್ಕೆ ಅದು ಗೊತ್ತಿಲ್ಲ. ಆ ಕಡೆಯವರು ಇದರ ನಮಸ್ಕಾರವನ್ನೇ ತಗೊಳ್ಳೋದಿಲ್ಲ.

ಹಾಗಾದರೆ ಎರಡನೇ ಕಂಪ್ಯೂಟರ್ ಬೇಕು. ಅದೂ ಎಕ್ಸ್‌ಪಿ. ಮತ್ತೆ ಆ ಅಂಗಡಿಗೆ ಹೋಗಿ ಮುಖ ತೋರಿಸೋ ಧೈರ್ಯ ಇರಲಿಲ್ಲ. ಆಗ ನೆನಪಾಯಿತು. ನಮ್ಮ ಯಜಮಾನರದ್ದು ಗಂಜ್‌ನಲ್ಲಿ ಅಡತಿ ಅಂಗಡಿ, ರೈತರ ಮಾಲನ್ನ ಕಮಿಷನ್ ಮೇಲೆ ಮಾರಿಸೋ ವ್ಯಾಪಾರ. ಅಲ್ಲಿ ತೊಗರಿ ಲೆಕ್ಕದ ಕಂಪ್ಯೂಟರ್ ಇವತ್ತಿಗೂ ಎಕ್ಸ್‌ಪಿ. ಕಂಪನಿಯೇ 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಯ ಕೈಬಿಟ್ಟಿತು, ನಮ್ಮ ಮುನೀಮರು ಬಿಡಲಿಲ್ಲ. ತೊಗರಿ ಸೀಜನ್ ಅಲ್ಲ, ಮಷೀನು ಖಾಲಿ ಕೂತಿದೆ ಅಂತ ಒಪ್ಪಿಸಿ ಮನೆಗೆ ತರಿಸಿದೆ. ಟಿವಿಗೆ ಹೋಗಿದ್ದ ಇಂಟರ್‌ನೆಟ್ ಕೇಬಲ್ ಕಿತ್ತು ಎರಡಕ್ಕೂ ಜೋಡಿಸಿದೆ. ಅತ್ತೆಯ ಧಾರಾವಾಹಿ ನಿಂತಿತು. ಅವತ್ತು ರಾತ್ರಿ ಶೇಂಗಾ ಹಿಂಡಿ ಇಲ್ಲದ ರೊಟ್ಟಿ ಬಂತು. ನಾನು ಏನೂ ಕೇಳಲಿಲ್ಲ.

ಈಗಲೂ ಸೊನ್ನೆ ಕನೆಕ್ಷನ್. ಯಾಕಂದರೆ 192.168ರಿಂದ ಶುರುವಾಗೋ ಮನೆಯೊಳಗಿನ ವಿಳಾಸವನ್ನ ಆ ಪ್ರೋಗ್ರಾಂ ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ. ಅದಕ್ಕೆ ಊರಾಚೆಯ ವಿಳಾಸವೇ ಬೇಕು. ಸರಿ, ಎರಡೂ ಡಬ್ಬಿಗೆ ಬೇರೆ ಊರಿನವರ ಥರ ಸುಳ್ಳು ವಿಳಾಸ ಕೊಟ್ಟೆ. ಒಂದೇ ಮೇಜಿನ ಮೇಲೆ ಕೂತ ಎರಡು ಯಂತ್ರ, ದೂರದೂರಿನವರ ಹಾಗೆ ಪರಿಚಯ ಮಾಡಿಕೊಂಡವು. ಕನೆಕ್ಷನ್ ಒಂದು ಅಂತ ಬಂತು. ಪೆಂಟಿಯಂನ ಫ್ಯಾನ್ ಕೂಗತೊಡಗಿತು.

ಒಂದು ಬ್ಲಾಕ್, ಅಂದರೆ ಬಿಟ್‌ಕಾಯಿನ್ ಲೆಕ್ಕದ ಒಂದು ಹೊಸ ಪುಟ, ಸಿಗಬೇಕಾದರೆ ಸರಾಸರಿ 429 ಕೋಟಿ ಸಲ ಹ್ಯಾಶ್ ಮಾಡಬೇಕು. ಸೆಕೆಂಡಿಗೆ ಹತ್ತು ಲಕ್ಷ ಮಾಡಿದರೂ 70 ನಿಮಿಷದ ಮೇಲೆ. ನಡುವೆ ಕರೆಂಟ್ ಹೋಯಿತು. ಯಜಮಾನರು ಪಾಪ, "ಅಯ್ಯೋ, ಎಲ್ಲಾ ಮೊದ್ಲಿಂದನಾ?" ಅಂದರು. ಅಲ್ಲ. ಇದು ಲಾಟರಿ. ಹಿಂದಿನ ಚೀಟಿ ಹೋಗಿದ್ದರೆ ಹೋಯಿತು, ಮುಂದಿನ ಚೀಟಿಗೆ ಅದರ ಹಂಗಿಲ್ಲ. ಮುಕ್ಕಾಲು ಮುಗಿದಿತ್ತು ಅನ್ನೋ ಮಾತೇ ಇಲ್ಲಿ ಇಲ್ಲ. ಇದನ್ನ ಕೇಳಿ ಅವರಿಗೆ ಇನ್ನೂ ಬೇಜಾರಾಯಿತು. "ಹಂಗಾದ್ರ ಮುಗಿಯೋದೇ ಇಲ್ಲೇನು?"

ಸಿಕ್ಕಿತು. ನನ್ನ ಡಬ್ಬಿಗೆ. ಆದರೆ ಅಡತಿ ಅಂಗಡಿಯ ಡಬ್ಬಿ ಅದನ್ನ ಒಪ್ಪಲಿಲ್ಲ. ಬ್ಲಾಕಿನ ಸಮಯ ಭವಿಷ್ಯದಲ್ಲಿ ತುಂಬಾ ದೂರ ಇದೆ ಅಂತ ಅದರ ದೂರು. ಎರಡು ಗಂಟೆಗಿಂತ ಮುಂದಿನ ಸಮಯ ಹೊತ್ತು ಬಂದ ಬ್ಲಾಕನ್ನ ಬಿಟ್‌ಕಾಯಿನ್ ತಿರಸ್ಕರಿಸುತ್ತೆ. ಸರಿಯಾದ ನಿಯಮವೇ. ಗಡಿಯಾರ ನೋಡಿದರೆ ಆ ಡಬ್ಬಿಯಲ್ಲಿ ಇನ್ನೂ 2004. ಒಳಗಿನ ನಾಣ್ಯದಾಕಾರದ ಸೆಲ್ ಎಂದೋ ಸತ್ತಿತ್ತು. ಮುನೀಮರಿಗೆ ಫೋನ್ ಮಾಡಿದೆ.

"ಅದು ಹಂಗೇ ಅದರಿ ಅಕ್ಕಾರ. ದಿನಾ ಮುಂಜಾನಿ ನಾನೇ ತಾರೀಖು ಹಾಕ್ತೀನಿ. ಭಾಳ ವರ್ಷ ಆಯ್ತು."

ಸಿಆರ್2032 ಸೆಲ್. ಗಡಿಯಾರ ರಿಪೇರಿಯವರ ಹತ್ತಿರ ಸಿಕ್ಕಿತು.

ಆಮೇಲಿನದ್ದು ಚಕಚಕ ನಡೆಯಿತು. ಬ್ಲಾಕ್ ಬಂತು, ಎದುರಿನ ಡಬ್ಬಿ ಒಪ್ಪಿತು, ಪರದೆ ಮೇಲೆ ಬ್ಲಾಕಿನ ಬಹುಮಾನ 50.00 ನಾಣ್ಯ ಅಂತ ಮೂಡಿತು. ನಾನು ಖುಷಿಗೆ ಕೂಗಿದ್ದು ಅತ್ತೆಗೆ ಕೇಳಿತು. ಅತ್ತೆ ಫೋನ್ ಹಚ್ಚಿದರು. ಬೆಳಗಾಗೋದರೊಳಗೆ ಬ್ರಹ್ಮಪುರದಿಂದ ಭಾವನವರು ಬಂದು ಕೂತಿದ್ದರು. ಟ್ಯಾಕ್ಸ್ ಲೆಕ್ಕ ನೋಡೋರು ಅವರು. ಕೈಯಲ್ಲಿ ಕ್ಯಾಲ್ಕುಲೇಟರ್.

"ಐವತ್ತಂತಲ್ಲವ್ವಾ! ಒಂದಕ್ಕೇ ಲಕ್ಷಗಟ್ಟಲೆ ಅದ. 2022ರಿಂದ ಮೂವತ್ತು ಪರ್ಸೆಂಟ್ ಟ್ಯಾಕ್ಸ್ ನೋಡು. ಮಾರಿದ್ರ ಟಿಡಿಎಸ್ ಒಂದು ಪರ್ಸೆಂಟ್ ಬ್ಯಾರೆ."

ಇದು ಆ ಬಿಟ್‌ಕಾಯಿನ್ ಅಲ್ಲ ಅಂತ ವಿವರಿಸಿದೆ. 2009ರ ಜನವರಿ 3ರ ಮೊದಲ ಬ್ಲಾಕ್ ಮಾತ್ರ ಅಸಲಿ ಜಾಲದವರಿಗೂ ನನಗೂ ಒಂದೇ. ಅದು ಪ್ರೋಗ್ರಾಂ ಒಳಗೇ ಇದೆ. ಅದರಾಚೆಗೆ ಅವರ ಬ್ಲಾಕುಗಳ ಸರಪಳಿ ಬೇರೆ, ಈ ಮೇಜಿನ ಮೇಲಿನ ಸರಪಳಿ ಬೇರೆ. ಜಗತ್ತಿನಲ್ಲಿ ಇದನ್ನ ತಗೊಳ್ಳೋದು ಈ ಎದುರಿನ ಡಬ್ಬಿ ಒಂದೇ. ಅದೂ ನೂರು ಬ್ಲಾಕ್ ಕಳೆದು ನಾಣ್ಯ ಮಾಗಿದ ಮೇಲೆ.

ಭಾವನವರು ಕ್ಯಾಲ್ಕುಲೇಟರ್ ಜೇಬಿಗೆ ಹಾಕಿಕೊಂಡರು. "ಅಂದ್ರ ನೀನೇ ರೊಕ್ಕ ಛಾಪಿಸಿದಿ, ನೀನೇ ತಗೊಂಡಿ."

ಹೌದು ಅಂದೆ. ಅವರನ್ನ ಸಮಾಧಾನ ಮಾಡೋಕೆ 2010ರ ಮೇ 22ರ ಕಥೆ ಹೇಳಿದೆ. ಅಮೆರಿಕದಲ್ಲಿ ಒಬ್ಬರು ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟಿದ್ದರು, ಅದು ಅಸಲಿಯದ್ದೇ ಅಂತ. ಅವರಿಗೆ ಸಮಾಧಾನ ಆಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟರು. ಆದರೆ ಹೊರಡುವಾಗ ಕೋಡಿನಲ್ಲಿ ಪೋಕರ್ ಆಟದ ಅರೆಬರೆ ತುಣುಕುಗಳೂ ಇವೆ ಅಂತ ಬಾಯಿ ತಪ್ಪಿ ಹೇಳಿದೆ. ಅವರು ಬಾಗಿಲಲ್ಲೇ ನಿಂತರು. "ಇಸ್ಪೀಟಾ? ಅದು ನಡೀತದೇನು?" ನಡೆಯಲ್ಲ, ಸತೋಶಿ ಅದನ್ನ ಮುಗಿಸಲೇ ಇಲ್ಲ ಅಂದೆ. "ಅದೊಂದರೆ ಮುಗಿಸಬೇಕಿತ್ತು ಆ ಪುಣ್ಯಾತ್ಮ" ಅಂದು ಚಪ್ಪಲಿ ಮೆಟ್ಟಿದರು.

ಚಳಿಗಾಲಕ್ಕೆ ತೊಗರಿ ಬರತೊಡಗಿತು. ಕಂಪ್ಯೂಟರ್ ಗಂಜ್‌ಗೆ ವಾಪಸ್ ಹೋಯಿತು. ಅತ್ತೆಗೆ ಟಿವಿ ಕೇಬಲ್ ಸಿಕ್ಕಿತು, ನನಗೆ ಹಿಂಡಿ ಸಿಕ್ಕಿತು. ಹೋದ ಎರಡನೇ ದಿನವೇ ಮುನೀಮರ ಫೋನ್ ಬಂತು.

"ಅಕ್ಕಾರ, ತೊಗರಿ ಲೆಕ್ಕದ ಬಾಜೂಕ ಒಂದು ಬಂಗಾರದ ರೂಪಾಯಿ ಕುಂತದರಿ."

"ಅದನ್ನ ಮುಟ್ಟಬೇಡಿ ಮುನೀಮರೇ."

"ಒತ್ತಿ ಆಯ್ತ್ರಿ. ಜೀರೋ ಕನೆಕ್ಷನ್ ಅಂತ ತೋರಿಸ್ತದ. ಇಂಟರ್‌ನೆಟ್‌ನವರಿಗೆ ಚಂದಂಗ ಬೈದೀನ್ರಿ. ನಾಳಿ ಮುಂಜಾನಿ ಲೈನ್‌ಮನ್ ಬರ್ತಾನಂತ."